ನನ್ನ ಹೀರೋಗೆ ಕಾಲೇ ಮುರಿದಿರ್ಲಿಲ್ಲ

ಹೋದ ವರ್ಷ ಮಳೆಗಾಲದಲ್ಲಿ ಒಂದು ಕಥೆ ಬರೆದಿದ್ದೆ. ಮುಂಬ್ರಾ ದಿವಾ ಸ್ಟೇಷನ್‌ಗಳ ಮಧ್ಯೆ ಎಲ್ಲೋ ಬಾಗಿಲಲ್ಲಿ ನೇತಾಡ್ಕೊಂಡು ಬರ್ತಿದ್ದ ಹುಡುಗ ಮುಂಬೈ ಲೋಕಲ್ ಟ್ರೇನಿಂದ ಕೆಳಗೆ ಬೀಳ್ತಾನೆ, ತೊಡೆ ಮೂಳೆ ಮುರಿಯತ್ತೆ, ಅಲ್ಲಿಂದ ಕಥೆ ಶುರು. ಬಿದ್ದ ಸೀನ್ ಬಗ್ಗೆ ನಂಗೆ ಭಾರೀ ಹೆಮ್ಮೆ ಇತ್ತು. "ಅಸಹನೀಯ ಯಾತನೆಯಿಂದ ಅವನು ಚೀರಿದ, ಕಣ್ಣುಗಳಿಂದ ನೀರು ಧಾರಾಕಾರವಾಗಿ ಹರಿಯಿತು" ಅಂತೆಲ್ಲ ಬರೆದು ಎರಡು ಸಲ ಗಟ್ಟಿಯಾಗಿ ಓದ್ಕೊಂಡೂ ಇದ್ದೆ.

ಡೊಂಬಿವಲಿಯ ನಮ್ಮ ಬಿಲ್ಡಿಂಗಲ್ಲೇ ಮೂರನೇ ಮಾಳಿಗೇಲಿ ಒಬ್ಬ ಅಕ್ಕ ಇದಾರೆ, ಉಡುಪಿ ಕಡೆಯವರು, ಮುಂಬೈನ ಒಂದು ದೊಡ್ಡ ಆಸ್ಪತ್ರೇಲಿ ನರ್ಸ್ ಆಗಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ರಿಟೈರ್ ಆಗಿದಾರೆ, ಅದ್ರಲ್ಲಿ ಅರ್ಧ ಸರ್ವೀಸು ಕ್ಯಾಶುವಾಲ್ಟೀಲೇ. ನನ್ನ ಕಥೆಗಳಿಗೆ ಅವ್ರೇ ಮೊದಲ ಓದುಗರು. ಕನ್ನಡಕ ಮೂಗಿನ ತುದೀಗೆ ಜಾರಿಸ್ಕೊಂಡು ಓದಿದ್ರು, ಕಾಗದ ಮಡಚಿಟ್ರು, ಒಳಗೆ ಹೋಗಿ ಗಂಜಿ ಗ್ಯಾಸ್ ಆಫ್ ಮಾಡಿ ಬಂದ್ರು. "ಇವನಿಗೆ ಕಾಲು ಮುರೀಲೇ ಇಲ್ಲ ಮಾರಾಯ್ತಿ" ಅಂದ್ರು.

ನಂಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಅವ್ರು ಹೇಳ್ತಾ ಹೋದ್ರು, ನಾನು ಬಾಯಿ ಮುಚ್ಕೊಂಡು ಕೇಳಿದೆ. ತೊಡೆ ಮುರಿದವನು ಎಷ್ಟೋ ಸಲ ಬೊಬ್ಬೆ ಹಾಕೋದೇ ಇಲ್ವಂತೆ, ಉಸಿರು ಬಿಗಿ ಹಿಡ್ಕೊಂಡು ಕಾಲನ್ನ ಎರಡೂ ಕೈಯಿಂದ ಅದುಮಿಕೊಂಡು ಇರ್ತಾನಂತೆ, ಯಾರಾದ್ರೂ ಹತ್ರ ಬಂದ್ರೆ ಮೊದಲು ನೋಡೋದು ಅವ್ರ ಮುಖ ಅಲ್ಲ, ಅವ್ರ ಕೈ. ಎಲ್ಲಿ ಮುಟ್ತಾರೋ ಅಂತ. ಹೊರಗೆ ಒಂದು ಹನಿ ರಕ್ತ ಕಾಣ್ದೇ ಇದ್ರೂ ತೊಡೆ ಒಳಗೇ ಒಂದು ಲೀಟರ್ ಮೇಲೆ ರಕ್ತ ಸೇರ್ಕೊಂಡಿರಬಹುದು, ಅದಕ್ಕೇ ಮುಖ ಬೂದಿ ಬಣ್ಣ, ತಣ್ಣನೆ ಬೆವರು, ಬಾಯಾರಿಕೆ, ಸಣ್ಣಗೆ ನಡುಕ. ಮತ್ತೆ ಅವನು ಕೇಳೋದೇನು? "ನನ್ನ ಇನ್ನೊಂದು ಚಪ್ಪಲಿ ಎಲ್ಲಿ", "ಡಬ್ಬಿ ಇತ್ತಲ್ಲ ಕೈಯಲ್ಲಿ", "ಮನೇಗೆ ಫೋನ್ ಮಾಡ್ಬೇಡಿ". ಅಳು ಬರೋದು ಅಮ್ಮನೋ ಹೆಂಡ್ತಿಯೋ ವಾರ್ಡಿನ ಬಾಗಿಲಲ್ಲಿ ಕಾಣಿಸ್ಕೊಂಡಾಗ. "ಅಲ್ಲಿವರೆಗೆ ಅಳ್ಲಿಕ್ಕೆ ಪುರುಸೊತ್ತು ಇರುದಿಲ್ಲ ಅವನಿಗೆ" ಅಂದ್ರು ಅಕ್ಕ.

ಇನ್ನೊಂದು ತಪ್ಪನ್ನ ಅವ್ರು ಹೇಳೋ ಮೊದಲೇ ನಾನೇ ನೋಡ್ಕೊಂಡು ನಾಚಿಕೆ ಪಟ್ಟೆ. ತೊಡೆ ಮೂಳೆ ಕೂಡೋಕೆ ಮೂರರಿಂದ ಆರು ತಿಂಗಳು ಬೇಕು. ನನ್ನ ಹೀರೋ ಎರಡು ಪುಟ ಆದ್ಮೇಲೆ ಮೆಟ್ಟಿಲು ಹತ್ಕೊಂಡು ಹೋಗಿ ಹುಡುಗಿ ಮನೆ ಬೆಲ್ ಒತ್ತಿದ್ದ. ಕಾಲು ಮುರಿದ ಹೀರೋ ಮೆಟ್ಟಿಲು ಹತ್ತುವಾಗ ನಂಗೂ ನೋವಾಗ್ಲಿಲ್ಲ, ಅವನಿಗೂ ಆಗ್ಲಿಲ್ಲ!

ತಮಾಷೆ ಏನಂದ್ರೆ ನಂಗೆ ನೋವು ಗೊತ್ತಿಲ್ಲ ಅಂತೇನಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ನಂಗೆ ಕಿಡ್ನಿ ಸ್ಟೋನ್ ಆಗಿತ್ತು, ಶುರುವಾಗಿದ್ದು ಸಂಜೆಯ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ದಾದರ್ ಬಿಟ್ಟು ಸ್ವಲ್ಪ ಹೊತ್ತಿಗೆ. ಮೊದಲು ಬೆನ್ನಲ್ಲಿ ಚಳಕು ಹಿಡಿದಂಗೆ ಆಯ್ತು, ಬ್ಯಾಗ್ ಭಾರಕ್ಕೇನೋ ಅನ್ಕೊಂಡೆ, ಘಾಟ್ಕೋಪರ್ ಬರೋಷ್ಟ್ರಲ್ಲಿ ಅದು ಪಕ್ಕೆಯಿಂದ ಕೆಳಹೊಟ್ಟೆಗೆ ಇಳಿದು ಒಳಗಿಂದ ಯಾರೋ ಬಟ್ಟೆ ಹಿಂಡಿದಂಗೆ ಹಿಂಡೋಕೆ ಶುರು ಮಾಡ್ತು, ಬಿಡ್ತು, ಮತ್ತೆ ಹಿಂಡ್ತು. ಕಲ್ಲು ಸಿಕ್ಕಾಕ್ಕೊಂಡಾಗ ಮೂತ್ರನಾಳ ಅದನ್ನ ತಳ್ಳೋಕೆ ಅಂತ ಹಿಂಡ್ತಾ ಇರತ್ತಲ್ಲ, ಅಲೆ ಅಲೆಯಾಗಿ ಬರೋದು ಅದಕ್ಕೇ. ಈ ನೋವಲ್ಲಿ ಮನುಷ್ಯ ಒಂದ್ಕಡೆ ಇರೋಕಾಗಲ್ಲ, ಕೂತ್ರೆ ಏಳ್ಬೇಕು, ಎದ್ರೆ ಬಗ್ಗಬೇಕು. ಅಪೆಂಡಿಕ್ಸ್ ಒಡೆದವರದ್ದು ಇದರ ತದ್ವಿರುದ್ಧ, ಮಂಚಕ್ಕೆ ಯಾರ ಕಾಲು ತಗುಲಿದ್ರೂ ಜೀವ ಹೋಗತ್ತೆ, ಹಾಗಾಗಿ ಕಲ್ಲಿನ ಥರ ಮಲಗಿರ್ತಾರೆ. ರೋಗಿ ಹೊರಳಾಡ್ತಿದಾನಾ ಅಲುಗಾಡ್ದೆ ಮಲಗಿದಾನಾ ಅನ್ನೋದ್ರಲ್ಲೇ ಡಾಕ್ಟರಿಗೆ ಅರ್ಧ ಗೊತ್ತಾಗತ್ತಂತೆ. ನಾವು ಕಥೆ ಬರೆಯೋರು ಮಾತ್ರ ಎಲ್ರನ್ನೂ ಒಂದೇ ಥರ ಹೊರಳಾಡಿಸ್ತೀವಿ.

ಸರಿ, ಡಬ್ಬಿಯಲ್ಲಿ ಹೊರಳಾಡೋಕೆ ಜಾಗ ಎಲ್ಲಿ? ಎದುರು ಸೀಟಿನ ಹೆಂಗಸು ತೊಡೆ ಮೇಲೆ ಪ್ಲಾಸ್ಟಿಕ್ ಚೀಲ ಹಾಸ್ಕೊಂಡು ಬಟಾಣಿ ಬಿಡಿಸ್ತಾ ಇದ್ಲು, ಈ ಲೈನಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿದವರಿಗೆ ಇದು ದಿನನಿತ್ಯದ ದೃಶ್ಯ, ರಾತ್ರಿ ಅಡುಗೆ ಅರ್ಧ ಟ್ರೇನಲ್ಲೇ ಆಗಿಬಿಡತ್ತೆ. ನಾನು ಅವಳ ಬೆರಳನ್ನೇ ನೋಡ್ತಿದ್ದೆ. ಒಂದು ಕಾಯಿಗೆ ಆರು ಕಾಳು, ಇನ್ನೊಂದಕ್ಕೆ ಏಳು, ಒಂದ್ರಲ್ಲಿ ಹುಳ. ಈ ಹೆಂಗಸು ಮುಂದಿನ ಕಾಯಿ ಬಿಡಿಸೋವರೆಗೆ ತಡ್ಕೋತೀನಿ ಅಂತ ಯಾರ ಹತ್ರಾನೋ ಚೌಕಾಸಿ ಮಾಡ್ತಿದ್ದೆ, ದೇವ್ರ ಹತ್ರ ಅಂತೂ ಅಲ್ಲ. ಒಂದು ಹಂತದಲ್ಲಿ ಅವಳ ಮೇಲೆ ಎಂಥಾ ದ್ವೇಷ ಹುಟ್ಟಿತು ಗೊತ್ತಾ, ಪಾಪ ಅವಳು ಏನೂ ಮಾಡಿರ್ಲಿಲ್ಲ, ಅವಳಿಗೆ ಬಟಾಣಿ ಬಿಡಿಸೋಷ್ಟು ಆರಾಮ ಇತ್ತು, ಅಷ್ಟೇ ಅವಳ ತಪ್ಪು. ಅವಳ ತಲೆ ಮೇಲೆ ಗಂಡ ಹೆಂಡ್ತಿ ಜಗಳ, ವಶೀಕರಣ, ಇಪ್ಪತ್ತನಾಲ್ಕು ಗಂಟೆಯಲ್ಲಿ ಪರಿಹಾರ ಅಂತ ಬಾಬಾನ ಸ್ಟಿಕ್ಕರ್ ಇತ್ತು. ಅದರ ಫೋನ್ ನಂಬರಿನ ಕೊನೇ ನಾಲ್ಕು ಅಂಕಿ ನಂಗೆ ಈಗ್ಲೂ ಬಾಯಿಪಾಠ.

ನೋವು? ಅದು ಹೇಗಿತ್ತು ಅಂತ ಈಗ ಮೈಗೆ ನೆನಪೇ ಇಲ್ಲ. ಹಿಂಡಿತು ಅಂತ ಮೇಲೆ ಬರೆದೆನಲ್ಲ, ಅದು ಗೊತ್ತಿರೋ ವಿಷಯ ಅಷ್ಟೆ, ಬರೀವಾಗ ಒಂದು ಚೂರೂ ನೋಯ್ಲಿಲ್ಲ. ಆದ್ರೆ ಆ ಹುಳ ಇದ್ದ ಬಟಾಣಿ ಕಾಯಿ ಕಣ್ಮುಂದೆ ಬಂದ್ರೆ ಇವತ್ತೂ ಸಣ್ಣಗೆ ಹೊಟ್ಟೆ ತೊಳಸತ್ತೆ. ಅಕ್ಕ ಬೈದ ಮೇಲೆ ಯೋಚನೆ ಮಾಡಿದ್ರೆ ನನ್ನ ಕಥೇಲಿ ಇಲ್ದೇ ಇದ್ದಿದ್ದು ಇದೇ. ನಾನು ನೋವನ್ನ ಬಣ್ಣಿಸ್ತಾ ಕೂತಿದ್ದೆ, ನೋವಲ್ಲಿರೋನಿಗೆ ಅದನ್ನ ಬಣ್ಣಿಸೋ ವ್ಯವಧಾನ ಎಲ್ಲಿರತ್ತೆ, ಅವನ ಇಡೀ ಪ್ರಪಂಚ ಕುಗ್ಗಿ ಕುಗ್ಗಿ ಒಂದು ಬಟಾಣಿ ಕಾಯಿಯಷ್ಟಾಗಿರತ್ತೆ. ಆ ಕಾಯಿ ಸಿಕ್ರೆ ಸಾಕು, "ಯಾತನೆ" ಅನ್ನೋ ಪದವೇ ಬೇಡ.

ಆಸ್ಪತ್ರೇಲಿ ಡ್ಯೂಟಿ ಡಾಕ್ಟರ್ ಮರಾಠೀಲಿ "ಕಳ ಯೇತೇ ಕಾ?" ಅಂತ ಕೇಳಿದ್ರು. ಕಳ ಅಂದ್ರೆ ಬಿಟ್ಟು ಬಿಟ್ಟು ಸೆಳೆಯೋ ನೋವು, ಒಂದೇ ಪದ. ಹೌದು ಹೌದು ಅದೇ ಅಂತ ತಲೆ ಆಡಿಸ್ದೆ. ಆಮೇಲೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂದ್ರು. ನಾನು ಏಳು ಅಂದೆ! ಬಗ್ಗಿ ಡಬಲ್ ಆಗಿ ನಿಂತಿದ್ದವಳು, ವಾಂತಿ ಬೇರೆ ಆಗಿತ್ತು, ಆದ್ರೂ ಏಳು. ಹತ್ತು ಅಂದ್ಬಿಟ್ರೆ ಮುಂದೆ ಇನ್ನೂ ಜೋರಾಗಿ ಬಂದಾಗ ಏನ್ ಹೇಳೋದು ಅಂತ. ಉತ್ತರ ಪತ್ರಿಕೆ ತಿದ್ದೋ ಮೇಷ್ಟ್ರ ಮಗಳು ನಾನು, ಫುಲ್ ಮಾರ್ಕ್ಸ್ ಕೊಡೋದು ರಕ್ತದಲ್ಲೇ ಇಲ್ಲ.

ನಂಬರು ಸಾಲಲ್ಲ ಅಂತ ತಿಳಿದವರಿಗೂ ಅನ್ಸಿತ್ತು. ರೊನಾಲ್ಡ್ ಮೆಲ್ಜಾಕ್ ಅಂತ ಕೆನಡಾದ ಮನಃಶಾಸ್ತ್ರಜ್ಞ, ರೋಗಿಗಳು ನೋವಿಗೆ ಬಳಸೋ ಪದಗಳನ್ನ ಕಲೆ ಹಾಕಿ 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದ, ಮೆಕ್‌ಗಿಲ್ ಪ್ರಶ್ನಾವಳಿ ಅಂತ ಹೆಸರು, ಅದ್ರಲ್ಲಿ 20 ಗುಂಪಲ್ಲಿ 78 ಪದ ಇದೆ. ಅದನ್ನ ಓದಿದ ದಿನ ನಾನೂ ಒಂದು ನೋಟ್‌ಬುಕ್ ತಗೊಂಡು ನಮ್ಮವು ಬರೀತಾ ಕೂತೆ. ಚಳಕು, ಸೆಳೆತ, ಸಿಡಿತ, ನುಲಿತ, ಉಳುಕು, ಜೋಮು, ನವೆ, ಉರಿ, ಕಿವುಚೋದು, ಕಡಿಯೋದು. ತಲೆ ಸಿಡಿಯತ್ತೆ, ಹೊಟ್ಟೆ ನುಲಿಯತ್ತೆ, ಅದಲು ಬದಲು ಮಾಡಿ ನೋಡಿ, ಆಗಲ್ಲ. ಗಾಯಕ್ಕೆ ನಿಂಬೆಹುಳಿ ತಾಗಿದ್ರೆ ಚುರ್ ಅನ್ನತ್ತೆ, ಮೊಣಕೈ ತುದಿ ಬಾಗಿಲಿಗೆ ಬಡಿದ್ರೆ ಝುಂ ಅನ್ನತ್ತೆ. ಎದುರು ಮನೆ ಧಾರವಾಡದ ಆಂಟಿ "ತಲಿ ಸಿಡ್ಯಾಕತ್ತೈತಿ" ಅಂತ ಹಣೆಗೆ ಅಮೃತಾಂಜನ್ ಹಚ್ಕೊಂಡು ಬಂದ್ರೆ ಕೇಳಿದವರ ತಲೇನೂ ಸಿಡಿಯತ್ತೆ. ಅಕ್ಕನ ತುಳುವಿನಲ್ಲಿ ನೋವಿಗೆ ಬೇನೆ, ನಮ್ಮಲ್ಲಿ ಅದು ಹೆಚ್ಚಾಗಿ ಹೆರಿಗೆ ಬೇನೆಗೆ ಮೀಸಲು. ಇಷ್ಟೆಲ್ಲ ಮನೇಲೇ ಇಟ್ಕೊಂಡು ಬರೆಯೋಕೆ ಕೂತ ತಕ್ಷಣ ನಂಗೆ ಹೊಳೆದಿದ್ದು "ಅಸಹನೀಯ". ಪೇಪರಲ್ಲಿ ಬಿಸಿಲಿಗೂ ಅದನ್ನೇ ಹಾಕ್ತಾರೆ.

ಇನ್ನೊಂದು ವಿಷಯ ತುಂಬಾ ಉಪಯೋಗಕ್ಕೆ ಬಂತು. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದ್ದು ನೆನಪು ಮಾಡ್ಕೊಳ್ಳಿ. ಮೊದಲು ಚಕ್ ಅಂತ ಒಂದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಅಯ್ಯೋ ಈಗ ಬರತ್ತೆ ಅಂತ ಗೊತ್ತಿರತ್ತೆ, ಆಮೇಲೆ ನಿಧಾನಕ್ಕೆ ಉರಿ ಉರಿ ಅಂತ ಏರ್ಕೊಂಡು ಬರತ್ತೆ. ಇವೆರಡೂ ಬೇರೆ ಬೇರೆ ನರತಂತುಗಳಲ್ಲಿ ಓಡೋ ಸುದ್ದಿ, ವೇಗದವು ಸೆಕೆಂಡಿಗೆ ಐದು ಮೀಟರಿಗೂ ಮೇಲೆ ಓಡತ್ವೆ, ನಿಧಾನದವು ಎರಡು ಮೀಟರೂ ದಾಟಲ್ಲ, ಕಾಲ್ಬೆರಳಿಂದ ಮಿದುಳಿಗೆ ದೂರ ಇರೋದ್ರಿಂದ ಆ ವ್ಯತ್ಯಾಸ ನಮ್ಗೆ ಚೆನ್ನಾಗಿ ಗೊತ್ತಾಗತ್ತೆ. ನಂಗೆ ಬೇಕಿದ್ದಿದ್ದು ಮಧ್ಯದ ಆ ಖಾಲಿ ಕ್ಷಣ. ಹುಡುಗ ಬಿದ್ದ, ಜಲ್ಲಿಕಲ್ಲಿನ ಮೇಲೆ ಕೂತಿದಾನೆ, ಟ್ರೇನ್ ಹೋಗ್ತಾನೇ ಇದೆ, ಅವನು ಹಾದುಹೋಗೋ ಡಬ್ಬಿ ಎಣಿಸ್ತಿದಾನೆ. ಹೊಸದಾಗಿ ಬರೆದಾಗ ನೋವನ್ನ ಎರಡು ಸಾಲು ಲೇಟಾಗಿ ತಂದೆ.

ನೋವಿನ ಅರ್ಥ ಏನು ಅನ್ನೋದ್ರ ಮೇಲೂ ಅದು ಹೆಚ್ಚು ಕಮ್ಮಿ ಆಗತ್ತೆ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಅನ್ನೋ ಅಮೆರಿಕನ್ ಡಾಕ್ಟರ್ ಕೆಟ್ಟದಾಗಿ ಗಾಯಗೊಂಡ ಸೈನಿಕರನ್ನ ನೋವಿನ ಔಷಧಿ ಬೇಕಾ ಅಂತ ಕೇಳಿದ್ರೆ ಹೆಚ್ಚಿನವರು ಬೇಡ ಅಂದ್ರಂತೆ, 1946ರಲ್ಲಿ ಅದನ್ನ ಬರೆದ. ಅವರಿಗೆ ಆ ಗಾಯ ಅಂದ್ರೆ ಯುದ್ಧದಿಂದ ಜೀವಂತ ಆಚೆ ಬಂದ ಹಾಗೆ ಅಂತ ಅವನ ವಿವರಣೆ. ನನ್ನ ಹುಡುಗ ಡೆಲಿವರಿ ಕೆಲಸದವನು, ಅವನಿಗೆ ತೊಡೆ ಅಂದ್ರೆ ಬೈಕು, ಬೈಕು ಅಂದ್ರೆ ಇಎಂಐ. ಅವನಿಗೆ ಜಾಸ್ತಿ ನೋಯ್ಲೇಬೇಕು.

ಭಾವನೆ ವಿಷಯಕ್ಕೆ ಬಂದ್ರೆ ನಾನು ಇನ್ನೂ ಕಳ್ಳಿ. ಯಾರಾದ್ರೂ ಸತ್ರೆ ಕುಸಿದು ಕೂರಿಸೋದು, ಎದೆ ಒಡೆಸೋದು, ಮುಗೀತು. ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವ, ಅಂದ್ರೆ ಭಾವನೆ ಮೈಮೇಲೆ ತಾನಾಗೇ ಕಾಣಿಸ್ಕೊಳ್ಳೋ ರೀತಿ, ಹೇಳಿದಾರಲ್ಲ, ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ನಡುಕ, ಬಣ್ಣಗೆಡೋದು, ಕಣ್ಣೀರು, ಪ್ರಳಯ ಅಂದ್ರೆ ಮೂರ್ಛೆ, ಅದ್ರಲ್ಲಿ ನಾವು ಕಣ್ಣೀರೊಂದನ್ನೇ ಹಿಡ್ಕೊಂಡು ಉಳಿದ ಏಳನ್ನ ಯಕ್ಷಗಾನದವರಿಗೆ ಬಿಟ್ಕೊಟ್ಟಿದೀವಿ. ಕನ್ನಡದಲ್ಲಿ ದುಃಖ, ಮತ್ಸರ ಎಲ್ಲ ಇರೋದು ಹೊಟ್ಟೇಲಿ ಅಲ್ವಾ, ಹೊಟ್ಟೆಕಿಚ್ಚು, ಹೊಟ್ಟೆ ಉರಿ, ಕರುಳು ಚುರುಕ್ ಅನ್ನೋದು, ಸಂಕಟ ಅಂತೂ ವಾಂತಿ ಬರೋ ಹಾಗಾದ್ರೂ ಸಂಕಟಾನೇ, ಮಗಳು ಗಂಡನ ಮನೆಗೆ ಹೊರಟ್ರೂ ಸಂಕಟಾನೇ. ಕಥೇಲಿ ಮಾತ್ರ ಹೃದಯ ಛಿದ್ರ ಛಿದ್ರ.

ಅಪ್ಪ ಹೋದಾಗ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಸಾಗರದಿಂದ ತಮ್ಮನ ಫೋನ್ ಬಂತು. ನಾನು ಸಿಂಕ್ ಹತ್ರ ಕುಕ್ಕರಿನ ಗ್ಯಾಸ್ಕೆಟ್ ತೊಳೀತಿದ್ದೆ. ಹೂಂ ಅಂದೆ, ಆಸ್ಪತ್ರೆ ಬಿಲ್ ಕಟ್ಟಿದ್ಯೇನೋ ಅಂತ ಕೇಳ್ದೆ, ಫೋನ್ ಇಟ್ಟು ಗ್ಯಾಸ್ಕೆಟ್ಟನ್ನ ಪೂರ್ತಿ ತೊಳೆದೆ, ಸಂದೀಲಿ ಬೇಳೆ ಕೂತಿತ್ತು, ಉಗುರಲ್ಲಿ ಕೆರೆದು ತೆಗೆದೆ. ಊರಲ್ಲಿ ಹದಿಮೂರು ದಿನವೂ ಅಳ್ಲಿಲ್ಲ. ಎಂಥ ಗಟ್ಟಿ ಹೆಂಗಸು ಅಂದ್ರು ಕೆಲವರು, ಕಲ್ಲು ಮನಸ್ಸು ಅಂದವರೂ ಇದ್ರು.

ಅಪ್ಪನ ಮೊಬೈಲಿಗೆ ನಾನೇ ಇಲ್ಲಿಂದ ರೀಚಾರ್ಜ್ ಮಾಡ್ತಿದ್ದೆ, 84 ದಿನದ ಪ್ಲಾನು, ಮರೀಬಾರ್ದು ಅಂತ ನನ್ನ ಫೋನಲ್ಲಿ ರಿಮೈಂಡರ್ ಇತ್ತು. ಅದು ಬಡ್ಕೊಂಡಾಗ ನಾನು ಠಾಣೆ ಸ್ಟೇಷನ್ನಿನ ಬ್ರಿಡ್ಜ್ ಹತ್ತುತಿದ್ದೆ. "ಅಪ್ಪ ರೀಚಾರ್ಜ್". ಅಲ್ಲೇ ಕಂಬಿ ಪಕ್ಕ ನಿಂತು ಮಾಡಿಬಿಟ್ಟೆ, ಸಕ್ಸೆಸ್ ಅಂತ ಹಸಿರು ಟಿಕ್ ಬಂತು, ಅದಾದ್ಮೇಲೆ ಕಾಲು ಮುಂದಕ್ಕೆ ಹೋಗ್ಲಿಲ್ಲ. ಹಿಂದಿನವರು "ಬಾಜೂಲಾ ವ್ಹಾ", ಪಕ್ಕಕ್ಕೆ ಸರೀರಿ ಅಂತ ಬೈತಿದಾರೆ, ಸಾರಿ ಅನ್ನೋಣ ಅಂದ್ರೆ ಗಂಟಲಿಂದ ಸ್ವರವೇ ಹೊರಡ್ತಿಲ್ಲ, ಬರೀ ಗಾಳಿ. ಸ್ತಂಭ, ಸ್ವರಭಂಗ ಅಂತ ಪರೀಕ್ಷೆಗೆ ಉರು ಹೊಡೆದಿದ್ದು ಇದಕ್ಕಾ ಅಂತ ಅವತ್ತು ಹೊಳೀಲಿಲ್ಲ ಬಿಡಿ, ಹೊಳೆದಿದ್ದು ಮೊನ್ನೆ.

ಕಥೆ ಈಗ ನಾಲ್ಕನೇ ಸಲ ತಿದ್ದುತಾ ಇದೀನಿ. ಅಕ್ಕನಿಗೆ ಬಿದ್ದ ಸೀನ್ ಮಾತ್ರ ಓದೋಕೆ ಕೊಟ್ಟಿದ್ದೆ. "ಈಗ ಮುರಿದಿದೆ" ಅಂದ್ರು, ಸ್ವಲ್ಪ ಹೊತ್ತು ಬಿಟ್ಟು "ಕಾಲು ಎತ್ತುವಾಗ ಆ ಪೊಲೀಸಿನವ ಮೊಣಕಾಲು ಹಿಡಿದ ಅಂತ ಬರ್ದಿದ್ದಿ, ಅಲ್ಲಿ ಇವ ಒಂದು ಬೈಗುಳ ಬೈಬೇಕು" ಅಂದ್ರು. ಯಾವ ಬೈಗುಳ ಅಂತ ಕೇಳಿದ್ರೆ ತುಳುವಲ್ಲಿ ಒಂದು ಹೇಳಿದ್ರು, ಇಲ್ಲಿ ಬರೆಯೋ ಹಾಗಿಲ್ಲ.

ಹುಡುಗನ ಅಮ್ಮನಿಗೆ ಇನ್ನೂ ಫೋನ್ ಹೋಗಿಲ್ಲ. ಅವಳನ್ನ ಕುಸಿದು ಕೂರಿಸಲ್ಲ ಅನ್ನೋದಷ್ಟು ಗೊತ್ತು, ಮುಂದೆ ಏನು ಮಾಡ್ತಾಳೆ ಗೊತ್ತಿಲ್ಲ. ಸದ್ಯಕ್ಕೆ ಕೈಗೆ ಒಂದು ಗ್ಯಾಸ್ಕೆಟ್ ಕೊಟ್ಟು ಸಿಂಕ್ ಮುಂದೆ ನಿಲ್ಲಿಸಿದೀನಿ.