ಅರವತ್ತು ಜನ ಬೇಡ ಅಂದ ಸರ್ಕಾರ

"ನೂರಕ್ಕೆ ಅರವತ್ತು ಜನ ಬೇಡ ಅಂದಮೇಲೂ ಅವರದ್ದೇ ಸರ್ಕಾರ ಅಂದ್ರೆ ಇದೆಂಥ ಪ್ರಜಾಪ್ರಭುತ್ವ ರೀ?"

ರಾಜ್ಯಶಾಸ್ತ್ರದವರು ಅಂತ ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಆ ಸಲ ಸೋತ ಪಕ್ಷದ ಕಡೆಯವರು. ಮುಂದಿನ ಸಲ ಗೆದ್ದಾಗ ಅವರು ಸುಮ್ಮನಾಗುತ್ತಾರೆ, ಎದುರಿನವರು ಶುರುಮಾಡುತ್ತಾರೆ. ಇಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದಿಡುತ್ತೇನೆ.

ಮೊದಲು ಆ "ಬೇಡ ಅಂದರು" ಅನ್ನುವ ಮಾತು ಬಿಡಿ. ಮತಯಂತ್ರದಲ್ಲಿ ಇಂಥವರು ಬೇಡ ಅನ್ನುವ ಗುಂಡಿಯೇ ಇಲ್ಲ. 2013ರಿಂದ ನೋಟಾ ಇದೆ, ಅದು ಎಲ್ಲರನ್ನೂ ಒಟ್ಟಿಗೆ ಒಲ್ಲೆ ಅನ್ನುವುದಕ್ಕೆ. ಒಂದು ಕ್ಷೇತ್ರದಲ್ಲಿ 1,00,000 ಮತ ಬಿದ್ದು, ಮೂವರಿಗೆ 36,000, 34,000, 30,000 ಎಂದು ಹಂಚಿಹೋಯಿತು ಅನ್ನಿ. 36,000 ಪಡೆದವರು ಗೆದ್ದರು. ಉಳಿದ 64,000 ಜನ ಒಂದು ಗುಂಪಲ್ಲ. ಮೂರನೆಯವರಿಗೆ ಹಾಕಿದ 30,000 ಜನರಲ್ಲಿ ಅರ್ಧದಷ್ಟು ಜನಕ್ಕೆ, ತಮ್ಮವರು ಬಿಟ್ಟರೆ ಗೆದ್ದವರೇ ವಾಸಿ ಅನ್ನಿಸಿರಬಹುದು. ಅದನ್ನು ಯಾರೂ ಕೇಳಿಲ್ಲ, ಯಂತ್ರದಲ್ಲಿ ದಾಖಲಾಗಿಲ್ಲ. ದಾಖಲಾಗದ್ದನ್ನು ತಿರಸ್ಕಾರ ಅಂತ ಕೂಡಿಸಿಬಿಟ್ಟರೆ ಆ ಲೆಕ್ಕ ತಪ್ಪು.

ಇದೇ ಲೆಕ್ಕ ರಾಜ್ಯದ ಮಟ್ಟಕ್ಕೆ ಹೋದಾಗ ಇನ್ನೂ ವಿಚಿತ್ರವಾಗುತ್ತದೆ. 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಬಂದದ್ದು ಶೇಕಡಾ 38ರಷ್ಟು ಮತ, ಬಿಜೆಪಿಗೆ 36ರಷ್ಟು. ಸ್ಥಾನ ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ಮೋಸವೇನೂ ಅಲ್ಲ. ಒಂದು ಕ್ಷೇತ್ರದಲ್ಲಿ 40,000 ಅಂತರದಿಂದ ಗೆದ್ದರೂ ಒಂದೇ ಸ್ಥಾನ, 400ರಿಂದ ಗೆದ್ದರೂ ಒಂದೇ. ಮತ ಊರೂರಿಗೆ ತೆಳ್ಳಗೆ ಹರಡಿ ಎಲ್ಲೆಡೆ ಎರಡನೇ ಸ್ಥಾನಕ್ಕೆ ಬಂದು ನಿಲ್ಲುವ ಪಕ್ಷಕ್ಕೆ ಈ ಪದ್ಧತಿಯಲ್ಲಿ ಹೊಡೆತ. ಕೆಲವು ಜಿಲ್ಲೆಗಳಲ್ಲೇ ಗಟ್ಟಿಯಾಗಿರುವ ಪಕ್ಷಕ್ಕೆ ಲಾಭ. ಇದು ಬೇಡ ಅನ್ನಿಸಿದರೆ ಬೇರೆ ದಾರಿಗಳಿವೆ. ಜರ್ಮನಿಯಲ್ಲಿ ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುತ್ತಾರೆ. ಫ್ರಾನ್ಸಿನ ಅಧ್ಯಕ್ಷ ಚುನಾವಣೆಯಲ್ಲಿ ಯಾರೂ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ಬದಲಾಯಿಸೋಣ ಅಂತ ವಾದ ಮಾಡಿ, ನಾನೂ ಬರುತ್ತೇನೆ. ಆದರೆ ಆಟದ ನಿಯಮ ಒಪ್ಪಿ ಕಣಕ್ಕಿಳಿದು, ಸೋತಮೇಲೆ ಆ ನಿಯಮವೇ ಅನ್ಯಾಯ ಅಂದರೆ ಒಪ್ಪಲಾರೆ.

ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: "ನಾನು ಓಟೇ ಹಾಕಿಲ್ಲ, ನನ್ನನ್ನು ಆಳಲು ಇವರಿಗೆ ಯಾರು ಅಧಿಕಾರ ಕೊಟ್ಟರು?" ಇದು ಹಳೆಯ, ಗಟ್ಟಿ ಪ್ರಶ್ನೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಕೊಟ್ಟ ಉತ್ತರ: ಈ ದೇಶದ ದಾರಿಯಲ್ಲಿ ನಡೆದಾಡುತ್ತಿದ್ದೀಯ ಅಂದಮೇಲೆ ಬಾಯಿಬಿಟ್ಟು ಹೇಳದೆಯೂ ಒಪ್ಪಿದ್ದೀಯ. 1748ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಇದನ್ನು ಚೆನ್ನಾಗಿ ಬಯಲಿಗೆಳೆದ. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿನಲ್ಲಿ ಹಾಕಿ, ನಡುಗಡಲಿನಲ್ಲಿ ಎಚ್ಚರವಾದಾಗ, ಹಾರಲಿಲ್ಲವಲ್ಲ, ಹಾಗಾದರೆ ನಾಯಕನ ಆಳ್ವಿಕೆ ಒಪ್ಪಿದ್ದೀಯ ಅಂದಂತಾಯಿತು ಅಂದ. ಹ್ಯೂಮ್ ಹೇಳಿದ್ದೇ ಸರಿ. ಹುಟ್ಟಿದ ಊರು ಬಿಟ್ಟುಹೋಗಲಾರದ ಬಡವನ ಮೌನವನ್ನು ಒಪ್ಪಿಗೆ ಅನ್ನಲಾಗದು.

ಹಾಗಾಗಿ ಆಳುವ ಹಕ್ಕು ಒಪ್ಪಿಗೆಯಿಂದ ಬರುತ್ತದೋ ಶೇಕಡಾವಾರಿನಿಂದ ಬರುತ್ತದೋ ಅಂತ ಜಗ್ಗಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಬಹುಮತ ಇದೆಯೋ ಇಲ್ಲವೋ ಅಂತ ಎಲ್ಲಿ ಎಣಿಸುತ್ತಾರೆ, ಯಾರ ಕಣ್ಣೆದುರು ಎಣಿಸುತ್ತಾರೆ?

ಈ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ಸಿಕ್ಕಿದ್ದು ಕರ್ನಾಟಕದಿಂದ. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಶಾಸಕರೊಬ್ಬರು ಬೆಂಬಲ ವಾಪಸಿನ 19 ಪತ್ರ ಹಿಡಿದು ರಾಜಭವನಕ್ಕೆ ಹೋದರು. ಸರ್ಕಾರಕ್ಕೆ ಬಹುಮತ ಇಲ್ಲ ಅಂತ ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ 19ರಲ್ಲಿ 7 ಮಂದಿ, ನಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಸದನ ಕರೆಯಿರಿ, ಅಲ್ಲೇ ತೋರಿಸುತ್ತೇನೆ ಅಂದರು ಬೊಮ್ಮಾಯಿ. ಕರೆಯಲಿಲ್ಲ. ಏಪ್ರಿಲ್ 21ರಂದು, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ಕ್ಕೆ. ಆ ವಜಾ ಸಂವಿಧಾನಬಾಹಿರ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೋಣೆಯಲ್ಲಲ್ಲ ಅಂದಿತು. ಅಷ್ಟರಲ್ಲಿ ಇಲ್ಲಿ ಚುನಾವಣೆ ಮುಗಿದು, ಬೇರೆ ಪಕ್ಷದ ಆಡಳಿತಕ್ಕೆ ನಾಲ್ಕು ವರ್ಷ ದಾಟಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಬರಲಿಲ್ಲ. ಆ ನಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದ 2018ರಲ್ಲಿ, ಇಲ್ಲ, ಮೇ 19ರ ಸಂಜೆ 4ಕ್ಕೇ ಸದನದಲ್ಲಿ ತೋರಿಸಿ ಅಂತ ಕೋರ್ಟು ಹೇಳಲು ಸಾಧ್ಯವಾದದ್ದು ಆ ತೀರ್ಪಿನ ಬಲದಿಂದ. 222 ಸ್ಥಾನಗಳ ಫಲಿತಾಂಶ ಬಂದಿತ್ತು, 112 ಬೇಕಿತ್ತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಎಣಿಕೆ ಹೇಗೆ ನಡೆಯುತ್ತದೆ ನೋಡಿ. ಸಚಿವ ಸಂಪುಟದಲ್ಲಿ ಸದನ ವಿಶ್ವಾಸ ಇಟ್ಟಿದೆ ಅನ್ನುವ ಒಂದು ಸಾಲಿನ ಪ್ರಸ್ತಾವ. ಮೊದಲು ಧ್ವನಿಮತ. ಒಪ್ಪದವರು ಎಣಿಕೆ ಕೇಳಿದರೆ ಗಂಟೆ ಬಾರಿಸಿ ಬಾಗಿಲು ಹಾಕುತ್ತಾರೆ. ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸುತ್ತಾರೆ. ಮತಗಟ್ಟೆಯಲ್ಲಿ ನಿಮ್ಮ ಮತ ಗುಟ್ಟು, ನಿಮ್ಮನ್ನು ಯಾರೂ ಹೆದರಿಸಬಾರದು ಅಂತ. ಸದನದಲ್ಲಿ ಶಾಸಕನ ಮತ ಬಹಿರಂಗ, ಯಾಕೆಂದರೆ ಅವನು ನಿಮಗೆ ಲೆಕ್ಕ ಒಪ್ಪಿಸಬೇಕು.

ಇದರಲ್ಲೂ ಒಂದು ತೂತಿದೆ. ವಿಶ್ವಾಸಮತಕ್ಕೆ ಬೇಕಾದದ್ದು ಸದನದ ಒಟ್ಟು ಬಲದ ಅರ್ಧವಲ್ಲ, ಹಾಜರಿದ್ದು ಮತ ಹಾಕಿದವರ ಅರ್ಧಕ್ಕಿಂತ ಒಂದು ಹೆಚ್ಚು. 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105. ಒಟ್ಟು 204 ತಲೆ, ಗೆಲ್ಲಲು 103 ಸಾಕು. ಸುಮಾರು 20 ಮಂದಿ ಒಳಗೇ ಬರಲಿಲ್ಲ. ಅಂದರೆ ಎದುರಾಳಿಯನ್ನು ನಿಮ್ಮ ಕಡೆ ಕೈಯೆತ್ತಿಸಬೇಕಾಗಿಲ್ಲ, ಬಾಗಿಲ ಹೊರಗೆ ಉಳಿಸಿದರೆ ಸಾಕು. ಆ ಇಪ್ಪತ್ತು ಕ್ಷೇತ್ರಗಳಲ್ಲಿ ಬಿಸಿಲಲ್ಲಿ ಸಾಲು ನಿಂತು ಮತ ಹಾಕಿದವರ ಪರವಾಗಿ ಆ ಸಂಜೆ ಎದ್ದು ನಿಂತವರು ಯಾರು? ಈ ಸಲ ಮದುವೆಮನೆಯಲ್ಲಿ ಸಿಕ್ಕಾಗ ಅದನ್ನು ಕೇಳಿ. ಊಟ ಆರಿದರೂ ಪರವಾಗಿಲ್ಲ, ಕೂತು ಮಾತಾಡುತ್ತೇನೆ.