ಅಮ್ಮನ ಬ್ಲಾಗಿನಲ್ಲಿ ಬೆಳೆದ ಮಕ್ಕಳು

14 ಅಕ್ಟೋಬರ್ 2025, ಮಂಗಳವಾರ

ಅಮೆರಿಕದ ಕ್ರೈಸ್ತ ತಾಯಂದಿರ ಬ್ಲಾಗುಗಳನ್ನು ತುಂಬಾ ವರ್ಷಗಳಿಂದ ಓದುತ್ತಿದ್ದೇನೆ. ಅವುಗಳಲ್ಲಿ ಕೂಸಾಗಿ ಕಂಡ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಇವತ್ತು ಅವರದೇ ಯೋಚನೆ.

ಆ ಬರಹಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಮಗು ಸುಳ್ಳು ಹೇಳುತ್ತದೆ, ಇಲ್ಲವೇ ತಂಗಿಗೆ ಹೊಡೆಯುತ್ತದೆ. ಅಮ್ಮ ರೇಗುತ್ತಾಳೆ. ಆಮೇಲೆ ಪ್ರಾರ್ಥನೆ, ಕ್ಷಮೆ, ಕೊನೆಗೊಂದು ಬೈಬಲ್ ವಚನ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡು ಒಂಟಿಯಾಗಿರುವ ಎಷ್ಟೋ ತಾಯಂದಿರಿಗೆ ಇದರಿಂದ ಧೈರ್ಯ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ನಂಬಿಕೆಯ ಸಾಕ್ಷಿ ಹೇಳುವವಳು ಅಮ್ಮ, ತಪ್ಪು ಬಯಲಾಗುವುದು ಮಗುವಿನದು. ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಬೈಬಲಿನ ಪತ್ರವೊಂದರಲ್ಲಿ ಪೌಲನು ಕೊರಿಂಥದವರಿಗೆ ಬರೆದ. ಇಲ್ಲಿ ನಾಲ್ಕು ವರ್ಷದ ಮಗುವಿನ ಹಟವೂ ತಾರೀಖು ಸಮೇತ ಉಳಿದುಬಿಡುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಇನ್ನೊಂದು ವಿಷಯದಲ್ಲಿದೆ. ಹದಿನಾರರ ಹುಡುಗಿಗೆ ದೇವರ ಬಗ್ಗೆ ಸಂಶಯ ಬಂತು ಅಂದುಕೊಳ್ಳಿ. ಯಾರಿಗೆ ಹೇಳಬೇಕು? ಅವಳ ಭಕ್ತಿಯೇ ಅಮ್ಮನ ಹೆಸರು, ಮನೆಯ ಆದಾಯ. ಹೇಳಿದರೆ ನಾಳೆ ಅದೂ ಒಂದು ಬರಹವಾಗಬಹುದು. ಅಂಥ ಮನೆಯಲ್ಲಿ ನಂಬಿಕೆ ಬೆಳೆಯಲು ಜಾಗವೇ ಇರುವುದಿಲ್ಲ, ಅಲ್ವಾ?

ಎಲ್ಲ ಮನೆಗಳೂ ಹೀಗಿಲ್ಲ. ಮಕ್ಕಳ ಹೆಸರು, ಮುಖ ತೋರಿಸದ, ಅವರನ್ನು ಕೇಳಿಯೇ ಬರೆಯುವ ತಾಯಂದಿರೂ ಇದ್ದಾರೆ. ಆದರೆ ತೀರಾ ಕೆಟ್ಟ ಉದಾಹರಣೆ ಅಮೆರಿಕದ ಯೂಟಾ ರಾಜ್ಯದ ರೂಬಿ ಫ್ರ್ಯಾಂಕಿ. ಆರು ಮಕ್ಕಳ ತಾಯಿ, ಮಾರ್ಮನ್ ಎಂಬ ಅಮೆರಿಕದ ಪಂಥದವಳು. (ಮಾರ್ಮನ್ನರನ್ನು ಕ್ರೈಸ್ತರೆಂದು ಒಪ್ಪದ ಚರ್ಚುಗಳು ಬಹಳ ಇವೆ. ಆದರೆ ಅವರು ಯೇಸುವಿನ ಹೆಸರಲ್ಲೇ ನಡೆಯುವವರು.) ಅವಳ ಯೂಟ್ಯೂಬ್ ಚಾನೆಲ್‌ಗೆ 20 ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು. 2023ರ ಆಗಸ್ಟ್‌ನಲ್ಲಿ ಅವಳ ಹನ್ನೆರಡು ವರ್ಷದ ಮಗ ತಪ್ಪಿಸಿಕೊಂಡು ಪಕ್ಕದ ಮನೆಗೆ ಹೋಗಿ ಅನ್ನ, ನೀರು ಕೇಳಿದ. ಮಕ್ಕಳನ್ನು ಹಿಂಸಿಸಿದ್ದಕ್ಕೆ 2024ರಲ್ಲಿ ಅವಳಿಗೆ ಜೈಲಾಯಿತು. ಹಿರಿಯ ಮಗಳು ಶಾರಿ ಅದೇ ವರ್ಷ ಯೂಟಾದ ಶಾಸಕರ ಮುಂದೆ ಮಾತಾಡಿದಳು. ಮನೆಯ ಬದುಕನ್ನು ವಿಡಿಯೊ ಮಾಡಿ ಹಾಕುವುದು ಪೂರ್ತಿ ದಂಧೆ, ದುಡಿಯುವವರು ಮಕ್ಕಳು ಎಂಬುದು ಅವಳ ಮಾತಿನ ಸಾರ. ಇಷ್ಟಾದರೂ ಅವಳು ದೇವರನ್ನು ಬಿಟ್ಟಿಲ್ಲ. ನನಗೆ ಅದು ದೊಡ್ಡ ವಿಷಯ.

ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಸಂಪಾದನೆ ಕಾಯುವ ಕಾನೂನು 1939ರಲ್ಲೇ ಬಂದಿತ್ತು. ಮನೆಯ ಕ್ಯಾಮೆರಾ ಮುಂದಿನ ಮಕ್ಕಳಿಗಾಗಿ ಮೊದಲು ಎದ್ದ ರಾಜ್ಯ ಇಲಿನಾಯ್. 2024ರ ಜುಲೈನಿಂದ ಅಲ್ಲಿ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣಿಸುವ ಮಕ್ಕಳ ಪಾಲಿನ ಹಣ ಅವರ ಹೆಸರಲ್ಲಿ ತೆಗೆದಿಡಬೇಕು. ಯೂಟಾ 2025ರಲ್ಲಿ ಇನ್ನೂ ಮುಂದೆ ಹೋಯಿತು: ದೊಡ್ಡವರಾದ ಮೇಲೆ ಮಕ್ಕಳು ತಮ್ಮ ವಿಡಿಯೊ ತೆಗೆಸಲು ಕೇಳಬಹುದು.

ಹಣಕ್ಕಿಂತ ಈ ಎರಡನೆಯ ಹಕ್ಕೇ ಮುಖ್ಯ ಅನ್ನಿಸುತ್ತದೆ ನನಗೆ. ಆದರೆ ಅದಕ್ಕೆ 18 ತುಂಬುವವರೆಗೆ ಯಾಕೆ ಕಾಯಬೇಕು? ಹತ್ತು ವರ್ಷದ ಮಗು ತನ್ನ ಅಮ್ಮನ ಹತ್ತಿರ ಹೋಗಿ, ನಾನು ಅತ್ತಿದ್ದನ್ನು ತೆಗೆದುಬಿಡು ಅಂದರೆ, ಅವತ್ತೇ ತೆಗೆಯಬೇಕು.