ಒಂದೇ ಪದ, ಎಷ್ಟೊಂದು ಅರ್ಥ

ನಿನ್ನೆ ರಾತ್ರಿ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಮತ್ತೆ ಓದಿದೆ. ಈ ಸಲ ಆ ಒಂದು ಪದದ ಹಿಂದೆಯೇ ಹೋದೆ. ಶುರುವಿನಲ್ಲಿ ಅದು ಬರೀ ಶವಸಂಸ್ಕಾರ. ಬ್ರಾಹ್ಮಣ ಆಚಾರ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವುದು ಯಾರು ಅಂತ ಇಡೀ ಅಗ್ರಹಾರ ಊಟ ಬಿಟ್ಟು ಕೂತಿದೆ. ಪುಟ ಸರಿದ ಹಾಗೆ ಪ್ರಶ್ನೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಕಡೆಗೇ ತಿರುಗುತ್ತದೆ. ಅವರು ಇಷ್ಟು ವರ್ಷ ಕಲಿತದ್ದು, ಪಾಲಿಸಿದ್ದು, ಅದೂ ಸಂಸ್ಕಾರವೇ ಅಲ್ವಾ?

ಅತ್ತ ಹೆಣ ಸುಟ್ಟಿದ್ದು ಶಾಸ್ತ್ರ ಬಲ್ಲವರಲ್ಲ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ. ಅಹಮದ್ ಬ್ಯಾರಿಯ ಗಾಡಿಯಲ್ಲಿ ಸಾಗಿಸಿ, ರಾತ್ರೋರಾತ್ರಿ. ಅಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

1976ರಲ್ಲಿ ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದಾಗಲೂ ಹೆಸರು ಬದಲಿಸಲಿಲ್ಲ. ಶುರುವಿಗೇ ಕಿಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಆ ಪದಕ್ಕಿರುವ ಅರ್ಥಗಳನ್ನು ಕೊಟ್ಟರು. ಬೇರೆ ಯಾವ ಪದ ತಾನೇ ಸಿಗುತ್ತಿತ್ತು?